ಹಕ್ಕಿಯನ್ನು ಕೇಳಿದವರು

1867ರ ಫೆಬ್ರುವರಿ 23ರಂದು ಚಾರ್ಲ್ಸ್ ಡಾರ್ವಿನ್ ಒಂದು ತೊಡಕು ಬಿಡಿಸಿಕೊಡುವಂತೆ ಆಲ್ಫ್ರೆಡ್ ರಸೆಲ್ ವಾಲೇಸನಿಗೆ ಪತ್ರ ಬರೆದ. ಆ ದಿನಗಳಲ್ಲಿ ಅವನ ತಲೆಯ ತುಂಬ ಪ್ರಾಣಿಗಳ ಬಣ್ಣವೇ ಇತ್ತು. ಗಂಡು ನವಿಲಿನ ಗರಿ ಯಾಕೆ ಅಷ್ಟು ಬೆಡಗಿನದು ಎಂದು ಕೇಳಿದರೆ ಅವನಲ್ಲಿ ಉತ್ತರವಿತ್ತು: ಹೆಣ್ಣು ಅಂಥ ಗಂಡನ್ನೇ ಆರಿಸಿಕೊಳ್ಳುತ್ತ ಬಂದಿದೆ. ಆದರೆ ಕೆಲವು ಪತಂಗಗಳ ಮರಿಹುಳುಗಳು ಈ ಉತ್ತರಕ್ಕೆ ಒಗ್ಗುತ್ತಿರಲಿಲ್ಲ. ಕಪ್ಪು, ಹಳದಿ, ಕೆಂಪು ಪಟ್ಟೆ ಬಳಿದುಕೊಂಡು ಹಸಿರೆಲೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿರುವ ಹುಳುಗಳು ಅವು. ಮರಿಹುಳು ಎಂದರೆ ಇನ್ನೂ ಕೂಸು. ಅದಕ್ಕೆ ಸಂಗಾತಿ ಬೇಕಿಲ್ಲ, ಮೊಟ್ಟೆಯಿಡುವ ವಯಸ್ಸಿಗೆ ಅದು ಬಂದೇ ಇಲ್ಲ. ಹಾಗಾದರೆ ಈ ಸಿಂಗಾರ ಯಾರ ಕಣ್ಣಿಗೆ? ಡಾರ್ವಿನ್ ಮೊದಲು ಕೇಳಿದ್ದು ಹೆನ್ರಿ ಬೇಟ್ಸನನ್ನು. ಬೇಟ್ಸ್ ಕೈಚೆಲ್ಲಿ, ವಾಲೇಸನನ್ನು ಕೇಳಿ ನೋಡು ಎಂದಿದ್ದ.

ವಾಲೇಸ್ ಮರುದಿನವೇ ಉತ್ತರ ಬರೆದ. ಅವನ ತರ್ಕ ಹೀಗಿತ್ತು. ಹುಳು ಕಹಿಯಾಗಿದ್ದರೆ ಮಾತ್ರ ಸಾಲದು. ಹುಳುವಿನ ಚರ್ಮ ತೀರ ತೆಳು. ಹಕ್ಕಿ ಒಮ್ಮೆ ಕುಕ್ಕಿ, ಥೂ ಎಂದು ಉಗುಳಿದರೂ ಅಷ್ಟರಲ್ಲಿ ಹುಳು ಸತ್ತಿರುತ್ತದೆ. ಕಹಿಯಿಂದ ಅದಕ್ಕೆ ಬಂದ ಲಾಭವೇನು? ಕುಕ್ಕುವ ಮೊದಲೇ, ದೂರದಿಂದಲೇ, ತಾನು ತಿನ್ನುವಂಥದ್ದಲ್ಲ ಎಂದು ತಿಳಿಸುವ ಗುರುತೊಂದು ಮೈಮೇಲೆ ಇರಬೇಕು. ತಿನ್ನಲು ಬರುವ ಹುಳುಗಳೆಲ್ಲ ಹಸಿರು, ಕಂದು ಬಣ್ಣದಲ್ಲಿ ಅಡಗಿರುವಾಗ ಅಡಗದೆ ಕೂರುವುದೇ ಆ ಗುರುತು. ಅಂದರೆ ಆ ಬಣ್ಣ ಹೆಣ್ಣಿನ ಕಣ್ಣಿಗಾಗಿ ಹುಟ್ಟಿದ್ದಲ್ಲ, ಶತ್ರುವಿನ ಕಣ್ಣಿಗಾಗಿ ಹುಟ್ಟಿದ್ದು.

ಡಾರ್ವಿನ್‌ಗೆ ಈ ಊಹೆ ಬಹಳ ಹಿಡಿಸಿತು. ನನಗೆ ಹೆಚ್ಚು ಹಿಡಿಸಿದ್ದು ವಾಲೇಸ್ ನಂತರ ಮಾಡಿದ ಕೆಲಸ. ಆ ವರ್ಷದ ಮಾರ್ಚಿಯಲ್ಲಿ ಅವನು ಲಂಡನ್ನಿನ ಕೀಟಶಾಸ್ತ್ರ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿ, ಹಕ್ಕಿ ಸಾಕಿದವರು ಯಾರಾದರೂ ಇದ್ದರೆ ದಯವಿಟ್ಟು ಇಂಥ ಹುಳುಗಳನ್ನು ಅವುಗಳ ಮುಂದೆ ಇಟ್ಟು ನೋಡಿ ಎಂದು ಕೇಳಿಕೊಂಡ. ಕಸ್ಟಮ್ಸ್ ಇಲಾಖೆಯ ನೌಕರನಾಗಿದ್ದ ಜಾನ್ ಜೆನ್ನರ್ ವಿಯರ್ ಎಂಬಾತ ತನ್ನ ಮನೆಯ ಪಕ್ಷಿಗೂಡಿನಲ್ಲಿ ಅದನ್ನು ಮಾಡಿದ. 1869ರಲ್ಲಿ ಅವನು ಕೊಟ್ಟ ವರದಿಯ ಪ್ರಕಾರ ನುಣುಪು ಮೈಯ, ಹಸಿರು-ಕಂದು ಹುಳುಗಳನ್ನು ಹಕ್ಕಿಗಳು ಆಸೆಯಿಂದ ತಿಂದವು. ರೋಮದ ಹುಳುಗಳನ್ನೂ ಢಾಳು ಬಣ್ಣದ ಹುಳುಗಳನ್ನೂ ಮುಟ್ಟದೆ ಬಿಟ್ಟವು. ಅದೇ ವರ್ಷ ಆರ್ಥರ್ ಬಟ್ಲರ್ ಎಂಬವನು ಹಲ್ಲಿ, ಕಪ್ಪೆ, ಜೇಡಗಳನ್ನು ಬಳಸಿ ಅದೇ ಬಗೆಯ ಫಲಿತಾಂಶ ಕಂಡ.

ಬಣ್ಣದ ವಿಕಾಸದ ಕಥೆಯನ್ನು ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಚಿಟ್ಟೆಯ ಕಡೆಯಿಂದ ಹೇಳುತ್ತವೆ: ಒಣಎಲೆಯಂಥ ಚಿಟ್ಟೆ, ಕಡ್ಡಿಯಂಥ ಹುಳು, ತೊಗಟೆಯಂಥ ಪತಂಗ. ವಿಜ್ಞಾನದ ಇತಿಹಾಸ ಓದುವ ನನಗೆ ಈ ಕಥೆ ಇನ್ನೊಂದು ಕಡೆಯಿಂದ ಕಾಣುತ್ತದೆ. ಇಲ್ಲಿ ಬಣ್ಣ ಹಚ್ಚಿದ್ದು ಹಕ್ಕಿ ಎಂದು ಎಲ್ಲರೂ ಹೇಳಿದರು. ಕಣ್ಣಿಗೆ ಬಿದ್ದದ್ದನ್ನು ತಿಂದು, ಬೀಳದ್ದನ್ನು ಬಿಟ್ಟು, ನಾಲಿಗೆ ಸುಟ್ಟದ್ದನ್ನು ನೆನಪಿಟ್ಟು, ಲಕ್ಷಾಂತರ ತಲೆಮಾರುಗಳ ಮೇಲೆ ಅದು ಈ ಚಿತ್ರ ಬರೆದಿದೆ ಎಂದರು. ಆದರೆ ಆ ಹಕ್ಕಿ ನಿಜಕ್ಕೂ ಹಾಗೆ ಮಾಡುತ್ತದೆಯೇ ಎಂದು ಹೋಗಿ ನೋಡಿದವರು ಬಹಳ ಕಾಲ ಬೆರಳೆಣಿಕೆಯವರೇ. ನೋಡಲು ಹೋದವರಿಗೆ ಅದು ಸುಲಭವೂ ಆಗಲಿಲ್ಲ.

ಕೈಚೆಲ್ಲಿದ ಬೇಟ್ಸ್‌ನಿಂದಲೇ ಈ ಎಲ್ಲ ಯೋಚನೆ ಶುರುವಾಗಿತ್ತು. ಲೆಸ್ಟರಿನಲ್ಲಿ ಕಾಲುಚೀಲದ ವ್ಯಾಪಾರಿಯ ಬಳಿ ಕೆಲಸ ಕಲಿಯಲು ಸೇರಿದ್ದ ಹುಡುಗ 1848ರಲ್ಲಿ ವಾಲೇಸನ ಜೊತೆ ಅಮೆಜಾನಿಗೆ ಹೋದ, ಹನ್ನೊಂದು ವರ್ಷ ಅಲ್ಲೇ ಉಳಿದ. ಅಲ್ಲಿ ಹೆಲಿಕೋನಿಡ್ ಎಂಬ ಗುಂಪಿನ ಚಿಟ್ಟೆಗಳು ಕಾಡಿನ ತುಂಬ ಇದ್ದವು. ಬಣ್ಣ ಢಾಳು, ಹಾರಾಟ ನಿಧಾನ, ಆದರೂ ಯಾವ ಹಕ್ಕಿಯೂ ಬೆನ್ನಟ್ಟಿದ್ದನ್ನು ಅವನು ಕಾಣಲಿಲ್ಲ. ಅವುಗಳ ನಡುವೆ ಬೇರೆಯೇ ಕುಟುಂಬಕ್ಕೆ ಸೇರಿದ, ಆದರೆ ರೆಕ್ಕೆಯ ಬಣ್ಣ, ಆಕಾರ, ಹಾರುವ ಗತ್ತಿನಲ್ಲಿ ತದ್ವತ್ ಅವುಗಳಂತೆಯೇ ಇರುವ ಅಪರೂಪದ ಚಿಟ್ಟೆಗಳು ಸಿಕ್ಕವು. ಕಹಿ ಚಿಟ್ಟೆಯ ವೇಷ ಹಾಕಿದ ಸಿಹಿ ಚಿಟ್ಟೆ ಎಂದು ಅವನು ಇದನ್ನು ವಿವರಿಸಿದ. 1861ರಲ್ಲಿ ಲಿನ್ನಿಯನ್ ಸೊಸೈಟಿಯಲ್ಲಿ ಓದಿ, ಮರುವರ್ಷ ಅಚ್ಚಾದ ಆ ಪ್ರಬಂಧ ನಿಸರ್ಗದ ಆಯ್ಕೆಗೆ ಸಿಕ್ಕ ಮೊದಲ ಬಲವಾದ ಉದಾಹರಣೆಗಳಲ್ಲಿ ಒಂದು. ಆದರೆ ಅದರಲ್ಲಿ ಹಕ್ಕಿ ತೆರೆಯ ಹಿಂದೆಯೇ ಇದೆ. ಬೆನ್ನಟ್ಟಿದ್ದನ್ನು ಕಾಣಲಿಲ್ಲ ಎಂಬುದೇ ಅವನ ಸಾಕ್ಷ್ಯ.

ಬ್ರೆಜಿಲಿನಲ್ಲೇ ನೆಲೆಸಿದ್ದ ಜರ್ಮನ್ ನಿಸರ್ಗತಜ್ಞ ಫ್ರಿಟ್ಜ್ ಮುಲ್ಲರ್ ಇನ್ನೊಂದು ಒಗಟನ್ನು ಎತ್ತಿಕೊಂಡ. ಎರಡು ಚಿಟ್ಟೆಗಳೂ ಕಹಿ, ಆದರೂ ಎರಡೂ ಒಂದೇ ಬಣ್ಣ. ಕಹಿಯಿರುವವನಿಗೆ ವೇಷ ಯಾಕೆ ಬೇಕು? 1879ರಲ್ಲಿ ಅವನು ಕೊಟ್ಟ ಉತ್ತರದಲ್ಲಿ ಒಂದು ಪುಟ್ಟ ಲೆಕ್ಕವಿದೆ. ಒಂದು ಪ್ರದೇಶದ ಮರಿಹಕ್ಕಿಗಳೆಲ್ಲ ಸೇರಿ, ಈ ಬಣ್ಣ ಬೇಡ ಎಂದು ಕಲಿಯುವಷ್ಟರಲ್ಲಿ 1200 ಚಿಟ್ಟೆಗಳನ್ನು ಕೊಲ್ಲುತ್ತವೆ ಎನ್ನೋಣ. ಒಂದು ಜಾತಿಯಲ್ಲಿ 2000 ಚಿಟ್ಟೆಗಳಿವೆ, ಇನ್ನೊಂದರಲ್ಲಿ 10,000. ಬಣ್ಣ ಬೇರೆಬೇರೆಯಾಗಿದ್ದರೆ ಎರಡು ಜಾತಿಗಳೂ ತಲಾ 1200 ಕಳೆದುಕೊಳ್ಳಬೇಕು. ಬಣ್ಣ ಒಂದೇ ಆದರೆ ಒಟ್ಟು 1200ರ ತೆರಿಗೆ ಹಂಚಿಹೋಗಿ ಮೊದಲನೆಯದು 200, ಎರಡನೆಯದು 1000 ಕಟ್ಟಿದರೆ ಸಾಕು. ಎರಡಕ್ಕೂ ಲಾಭ, ಆದರೆ ಸಣ್ಣ ಜಾತಿಗೆ ಪ್ರಮಾಣದಲ್ಲಿ ಇಪ್ಪತ್ತೈದು ಪಟ್ಟು ಹೆಚ್ಚು ಲಾಭ. ಜೀವವಿಜ್ಞಾನದಲ್ಲಿ ಗಣಿತ ಕಾಲಿಡುತ್ತಿದ್ದ ಕಾಲದ ಲೆಕ್ಕವಿದು. ಆದರೆ ಇಡೀ ಲೆಕ್ಕ ಒಂದು ಅಡಿಗಲ್ಲಿನ ಮೇಲೆ ನಿಂತಿದೆ: ಹಕ್ಕಿ ಹುಟ್ಟುವಾಗ ಏನೂ ಗೊತ್ತಿಲ್ಲದೆ ಹುಟ್ಟುತ್ತದೆ, ತಿಂದು ಕಲಿಯುತ್ತದೆ, ಕಲಿತದ್ದನ್ನು ಮರೆಯುವುದಿಲ್ಲ. ಇದು ನಿಜವೇ?

ಇದನ್ನು ತಾಳ್ಮೆಯಿಂದ ಪರೀಕ್ಷಿಸಿದ ಮೊದಲಿಗರಲ್ಲಿ ಒಬ್ಬ ಕೆಲಸ ಮಾಡಿದ್ದು ಕಲ್ಕತ್ತೆಯಲ್ಲಿ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಫ್ರಾಂಕ್ ಫಿನ್ ಎಂಬ ಇಂಗ್ಲಿಷ್ ಪಕ್ಷಿತಜ್ಞ ಅಲ್ಲಿನ ಇಂಡಿಯನ್ ಮ್ಯೂಸಿಯಮ್ಮಿನಲ್ಲಿ ಅಧಿಕಾರಿಯಾಗಿದ್ದ. 1895ರಿಂದ 1897ರವರೆಗೆ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಪ್ರಯೋಗಗಳು ಕಂತು ಕಂತಾಗಿ ಬಂದವು. ವಸಾಹತು ಕಾಲದ ವಿಜ್ಞಾನದ ಬರಹಗಳನ್ನು ಓದುವವರಿಗೆ ಒಂದು ಬಗೆಯ ಗತ್ತು ರೂಢಿಯಾಗಿಬಿಟ್ಟಿರುತ್ತದೆ: ದೊಡ್ಡ ದೊಡ್ಡ ಪಟ್ಟಿಗಳು, ಹೊಡೆದುರುಳಿಸಿದ ಪ್ರಾಣಿಗಳ ಅಳತೆ. ಫಿನ್‌ನ ಪುಟಗಳು ಹಾಗಿಲ್ಲ. ಇವು ಅಡುಗೆಮನೆಯ ಲೆಕ್ಕದ ಪುಸ್ತಕದಂತಿವೆ. ಈ ಹಕ್ಕಿಗೆ ಈ ಚಿಟ್ಟೆ ಕೊಟ್ಟೆ, ಕಚ್ಚಿತು, ಬಿಟ್ಟಿತು, ಮತ್ತೆ ಎತ್ತಿಕೊಂಡಿತು, ಇನ್ನೊಂದು ಕೊಟ್ಟಾಗ ಮುಖ ತಿರುಗಿಸಿತು. ಎಲ್ಲವೂ ನಮ್ಮ ಸುತ್ತಲೂ ಇರುವ ಜೀವಿಗಳು. ಹರಟೆಮಲ್ಲ, ಪಿಕಳಾರ, ಕಾಜಾಣ, ತೋಟದ ಬೇಲಿಯ ಮೇಲಿನ ಓತಿಕೇತ, ಅಳಿಲಿನಂತೆ ಕಾಣುವ ಟ್ಯುಪಾಯಿಯಾ ಎಂಬ ಸಸ್ತನಿ. ಬಡಿಸಿದ ಚಿಟ್ಟೆಗಳೂ ಅಷ್ಟೇ ಪರಿಚಿತ. ಎಕ್ಕದ ಎಲೆ ತಿಂದು ಬೆಳೆಯುವ ಪ್ಲೇನ್ ಟೈಗರ್, ಅದರ ಬಳಗದವು, ಈಶ್ವರಿ ಬಳ್ಳಿಯ ವಿಷ ಹೀರಿ ಬೆಳೆಯುವ ಕಾಮನ್ ರೋಸ್, ಜೊತೆಗೆ ಸಾದಾ ಚಿಟ್ಟೆಗಳು.

ಫಲಿತಾಂಶ ಸಿದ್ಧಾಂತ ಬಯಸಿದಷ್ಟು ಶುದ್ಧವಾಗಿರಲಿಲ್ಲ. ಓತಿಕೇತ ಯಾವ ಭೇದವನ್ನೂ ಹೆಚ್ಚು ಎಣಿಸದೆ ಕಹಿ ಚಿಟ್ಟೆಗಳನ್ನೂ ನುಂಗಿತು. ಟ್ಯುಪಾಯಿಯಾ ಅವುಗಳ ಬಗ್ಗೆ ತೀವ್ರ ಹೇಸಿಗೆ ತೋರಿತು. ಹರಟೆಮಲ್ಲಗಳು ಬೇರೇನೂ ಇಲ್ಲದಾಗ ಕಹಿ ಚಿಟ್ಟೆಗಳನ್ನೂ ತಿಂದವು. ಎರಡೂ ಬಗೆ ಮುಂದಿಟ್ಟಾಗ ಮಾತ್ರ ಅವುಗಳ ಒಲ್ಲದ ಮನಸ್ಸು ಬಯಲಾಯಿತು. ಹಸಿದವನಿಗೂ ಹೊಟ್ಟೆ ತುಂಬಿದವನಿಗೂ ರುಚಿ ಒಂದೇ ಅಲ್ಲ ಎನ್ನುವ ಈ ಸರಳ ಸಂಗತಿ ಅಲ್ಲಿಯವರೆಗಿನ ಸಿದ್ಧಾಂತಗಳಲ್ಲಿ ಎಲ್ಲೂ ಗಟ್ಟಿಯಾಗಿ ಬಂದಿರಲಿಲ್ಲ. ಎಚ್ಚರಿಕೆಯ ಬಣ್ಣ ಕೋಟೆಯ ಗೋಡೆಯಂತೆ ಎಲ್ಲರನ್ನೂ ತಡೆಯುವುದಿಲ್ಲ. ಸುತ್ತ ಬೇರೆ ಊಟ ಎಷ್ಟಿದೆ ಎನ್ನುವುದರ ಮೇಲೆ ಅದರ ಬೆಲೆ ನಿಂತಿದೆ. ಇಷ್ಟಾದ ಮೇಲೆ ಫಿನ್ ಮುಟ್ಟಿದ ತೀರ್ಮಾನಗಳಲ್ಲಿ ಒಂದು ಮುಲ್ಲರನ ಅಡಿಗಲ್ಲಿಗೆ ನೇರವಾಗಿ ಸಂಬಂಧಪಟ್ಟದ್ದು. ಪ್ರತಿಯೊಂದು ಹಕ್ಕಿಯೂ ತನ್ನ ಅನುಭವವನ್ನು ತಾನೇ ಸಂಪಾದಿಸಿಕೊಳ್ಳಬೇಕು, ಸಂಪಾದಿಸಿದ್ದನ್ನು ಚೆನ್ನಾಗಿ ನೆನಪಿಡುತ್ತದೆ ಎಂದು ಅವನು ಕಂಡುಕೊಂಡ. ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ಎಲ್ಲೋ ಒಮ್ಮೆ ಅವನ ಹೆಸರು ಕಾಣುತ್ತದೆ. ಅದೇ ದಶಕದ ಇಂಗ್ಲೆಂಡಿನ ಎಡ್ವರ್ಡ್ ಪೋಲ್ಟನ್ 1890ರಲ್ಲಿ ಪ್ರಾಣಿಗಳ ಬಣ್ಣದ ಮೇಲೆ ಪುಸ್ತಕ ಬರೆದು, ಎಚ್ಚರಿಕೆಯ ಬಣ್ಣಕ್ಕೆ ಇಂದಿಗೂ ಬಳಕೆಯಲ್ಲಿರುವ 'ಅಪೋಸೆಮ್ಯಾಟಿಕ್' ಎಂಬ ಗ್ರೀಕ್ ಹೆಸರು ಕೊಟ್ಟು ಪ್ರಸಿದ್ಧನಾದ. ಹೆಸರಿಟ್ಟವರನ್ನು ನೆನೆಯುವಷ್ಟು ನಾವು ಹಕ್ಕಿಗೆ ಊಟ ಬಡಿಸಿದವರನ್ನು ನೆನೆಯುವುದಿಲ್ಲ.

ಹಕ್ಕಿಯನ್ನು ಕೇಳದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಚಿತ್ರಕಾರ ಅಬಾಟ್ ಥೇಯರ್ ಉದಾಹರಣೆ. ಪ್ರಾಣಿಯ ಬೆನ್ನು ಗಾಢ, ಹೊಟ್ಟೆ ತಿಳಿ ಯಾಕೆ ಎಂಬ ಪ್ರಶ್ನೆಗೆ 1896ರಲ್ಲಿ ಅವನು ಕೊಟ್ಟ ಉತ್ತರ ಅದ್ಭುತವಾದದ್ದು: ಮೇಲಿನಿಂದ ಬೀಳುವ ಬೆಳಕು ಬೆನ್ನನ್ನು ಬೆಳಗಿಸಿ ಹೊಟ್ಟೆಯ ಮೇಲೆ ನೆರಳು ಹಾಕುತ್ತದೆ, ಮೈಬಣ್ಣ ಅದಕ್ಕೆ ವಿರುದ್ಧವಾಗಿದ್ದರೆ ಉಬ್ಬುತಗ್ಗು ಕಾಣದೆ ಪ್ರಾಣಿ ಚಪ್ಪಟೆಯಾಗಿ ಮರೆಯಾಗುತ್ತದೆ. ಕುಂಚ ಹಿಡಿದವನಿಗೆ ಮಾತ್ರ ಹೊಳೆಯಬಹುದಾದ ಮಾತು. ಆದರೆ ಅಲ್ಲಿಗೆ ನಿಲ್ಲಲಿಲ್ಲ. 1909ರಲ್ಲಿ ಮಗ ಜೆರಾಲ್ಡ್ ಜೊತೆ ತಂದ ಪುಸ್ತಕದಲ್ಲಿ ಎಲ್ಲ ಪ್ರಾಣಿಗಳ ಎಲ್ಲ ಬಣ್ಣವೂ ಮರೆಯಾಗುವುದಕ್ಕೇ ಎಂದ. ರಾಜಹಂಸದ ಗುಲಾಬಿ ಬಣ್ಣ ಸಂಜೆಯ ಆಕಾಶದಲ್ಲಿ ಕರಗುವುದಕ್ಕಂತೆ! ಮಾಜಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್, ತಾನೇ ಬೇಟೆಗಾರನಾಗಿ ಆಫ್ರಿಕದಲ್ಲಿ ಅಲೆದು ಬಂದವನು, 1911ರಲ್ಲಿ ನೂರಕ್ಕೂ ಹೆಚ್ಚು ಪುಟಗಳಲ್ಲಿ ಇದನ್ನು ಜಾಲಾಡಿದ. ಇಬ್ಬರೂ ಜೋರಾಗಿ ವಾದಿಸಿದರು. ಹುಲ್ಲಿನಲ್ಲಿ ಹೊಂಚುಹಾಕುವ ಪ್ರಾಣಿಗೆ ಏನು ಕಾಣುತ್ತದೆ ಎಂಬುದಕ್ಕಿಂತ ತಮ್ಮ ಕಣ್ಣಿಗೆ ಏನು ಕಂಡಿತು ಎಂಬುದರ ಮೇಲೆಯೇ ಹೆಚ್ಚಾಗಿ ಇಬ್ಬರ ವಾದವೂ ನಡೆಯಿತು.

ಹಕ್ಕಿಯನ್ನೇ ಕೇಳುತ್ತೇನೆ ಎಂದು ಹೊರಟ ಇನ್ನೊಬ್ಬ ಅಮೆರಿಕನ್ ಅದರ ಹೊಟ್ಟೆಯನ್ನು ಕೇಳಿದ. ಅಲ್ಲಿನ ಸರ್ಕಾರದ ಜೈವಿಕ ಸಮೀಕ್ಷೆ ಇಲಾಖೆಯಲ್ಲಿದ್ದ ವಾಲ್ಡೋ ಮ್ಯಾಕಟೀ ಸುಮಾರು 80,000 ಹಕ್ಕಿಗಳ ಜಠರದಲ್ಲಿ ಸಿಕ್ಕ ಆಹಾರದ ಪಟ್ಟಿಗಳನ್ನು ಒಟ್ಟುಗೂಡಿಸಿ 1932ರಲ್ಲಿ ಒಂದು ಸ್ಫೋಟಕ ತೀರ್ಮಾನ ಪ್ರಕಟಿಸಿದ. ಹಕ್ಕಿಗಳು ಯಾವುದನ್ನೂ ಬಿಡುವುದಿಲ್ಲ, ಸುತ್ತಮುತ್ತ ಯಾವ ಕೀಟ ಎಷ್ಟಿದೆಯೋ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ತಿನ್ನುತ್ತವೆ, ಆದ್ದರಿಂದ ಮರೆಬಣ್ಣ, ಎಚ್ಚರಿಕೆಬಣ್ಣ ಎಲ್ಲ ನಮ್ಮ ಕಲ್ಪನೆ ಎಂದ. ಅಂಕಿಗಳ ಗಾತ್ರ ನೋಡಿಯೇ ಎದುರಾಳಿಗಳು ಒಂದು ಕ್ಷಣ ತಡವರಿಸಿರಬೇಕು. ಆದರೆ ಈ ವಾದದಲ್ಲಿ ಒಂದು ದೊಡ್ಡ ತೂತಿದೆ, ಸಂಶೋಧನೆಯ ವಿಧಾನ ಕಲಿಸುವ ತರಗತಿಗಳಲ್ಲಿ ಇದನ್ನು ಹೇಳಬೇಕೆಂದು ನನಗೆ ಅನ್ನಿಸುತ್ತದೆ. ಹೊಟ್ಟೆಯೊಳಗೆ ಸಿಕ್ಕದ್ದು ತಿಂದದ್ದರ ಲೆಕ್ಕ. ಕಣ್ಣಿಗೆ ಬಿದ್ದರೂ ಬಿಟ್ಟದ್ದು, ಪಕ್ಕದಲ್ಲೇ ಇದ್ದರೂ ಕಾಣದೆ ಹೋದದ್ದು ಯಾವ ಜಠರದಲ್ಲೂ ದಾಖಲಾಗುವುದಿಲ್ಲ. ಬಣ್ಣದ ಪ್ರಶ್ನೆಗೆ ಬೇಕಾದದ್ದು ಆ ಇನ್ನರ್ಧ ಲೆಕ್ಕವೇ.

ಆ ಲೆಕ್ಕ ಸಿಗಬೇಕಾದರೆ ಹಕ್ಕಿ ಹುಡುಕುವಾಗ ಪಕ್ಕದಲ್ಲಿ ಕೂತು ನೋಡಬೇಕು. 1952ರಲ್ಲಿ ಹಾಲೆಂಡಿನ ಡಿ ರೌಟರ್ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಅವನು ಕಡ್ಡಿಯಂತೆ ಕಾಣುವ ಮರಿಹುಳುಗಳನ್ನೂ ನಿಜವಾದ ಕಡ್ಡಿಗಳನ್ನೂ ಒಟ್ಟಿಗೆ ಹರಡಿ, ಜೇ ಎಂಬ ಕಾಗೆಯ ಬಳಗದ ಹಕ್ಕಿಗಳನ್ನು ಒಳಗೆ ಬಿಟ್ಟ. ಅವು ಹುಳುಗಳ ನಡುವೆಯೇ ಓಡಾಡಿದರೂ ಬಹಳ ಹೊತ್ತು ಏನೂ ಕಾಣಲಿಲ್ಲ. ಅಕಸ್ಮಾತ್ತಾಗಿ ಒಂದು ಹಕ್ಕಿ ಹುಳುವನ್ನು ತುಳಿದರೆ, ಹುಳು ಅಲುಗಾಡಿದರೆ, ಆಗ ಗುಟ್ಟು ರಟ್ಟು. ಒಮ್ಮೆ ತಿಂದ ಮೇಲೆ ಹಕ್ಕಿ ಸುತ್ತಲಿನ ಕಡ್ಡಿಗಳನ್ನೆಲ್ಲ ಕುಕ್ಕತೊಡಗುತ್ತಿತ್ತು. ಸಾಲುಸಾಲಾಗಿ ಬರಿ ಕಡ್ಡಿಗಳೇ ಸಿಕ್ಕರೆ ಬೇಸತ್ತು ಬಿಟ್ಟುಬಿಡುತ್ತಿತ್ತು. ಒಂದೇ ವೇಷದವರು ಗುಂಪಾಗಿ ಕೂತರೆ ಒಬ್ಬನ ಗುಟ್ಟು ಬಯಲಾದೊಡನೆ ಎಲ್ಲರಿಗೂ ಕುತ್ತು. ಅಡಗುವ ಹುಳುಗಳಿಗೆ ದೂರದೂರ ಕೂರುವುದೇ ಲಾಭ. ಎಚ್ಚರಿಕೆಯ ಬಣ್ಣದ ಹುಳುಗಳಿಗೆ ಇದರ ತದ್ವಿರುದ್ಧ: ಗುಂಪಾಗಿದ್ದಷ್ಟೂ ಫಲಕ ದೊಡ್ಡದು. ಬಣ್ಣದ ಜೊತೆಗೆ ಕೂರುವ ರೀತಿಯನ್ನೂ ಹಕ್ಕಿಯ ಮನಸ್ಸೇ ರೂಪಿಸುತ್ತದೆ.

ಇನ್ನು ಎಲ್ಲರಿಗೂ ಗೊತ್ತಿರುವ ಪತಂಗದ ಕಥೆಗೆ ಬರುತ್ತೇನೆ. ಗೊತ್ತಿರುವುದರಿಂದಲೇ ಅದನ್ನು ನಿಧಾನವಾಗಿ ಹೇಳಬೇಕು.

ಇಂಗ್ಲೆಂಡಿನ ಪೆಪರ್ಡ್ ಮಾತ್ ಎಂಬ ಪತಂಗ ಮೂಲತಃ ಬಿಳಿ ಮೈಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಕಾಣುವಂಥದ್ದು. ಮರದ ತೊಗಟೆಯ ಮೇಲೆ ಕಲ್ಲುಹೂವು, ಅಂದರೆ ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಂಧು, ಬೆಳೆದಲ್ಲಿ ಕೂತರೆ ಕಾಣುವುದೇ ಇಲ್ಲ. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪೂರ್ತಿ ಕಪ್ಪು ಪತಂಗವೊಂದು ಸಿಕ್ಕಿತು. ಕಾರ್ಖಾನೆಗಳ ಹೊಗೆ ಕಲ್ಲುಹೂವನ್ನು ಕೊಂದು ತೊಗಟೆಗೆ ಮಸಿ ಬಳಿಯುತ್ತಿದ್ದ ಕಾಲ. 1895ರ ಹೊತ್ತಿಗೆ ಆ ಊರಿನ ಸುತ್ತ ಶೇಕಡ 98ರಷ್ಟು ಪತಂಗಗಳು ಕಪ್ಪು. ಮಸಿ ಹಿಡಿದ ಮರದ ಮೇಲೆ ಬಿಳಿಯವು ಎದ್ದು ಕಂಡು ಹಕ್ಕಿಗಳ ಪಾಲಾದವು ಎಂದು ಜೆ. ಡಬ್ಲ್ಯೂ. ಟಟ್ 1896ರಲ್ಲಿ ಬರೆದ. ಮುಂದೆ ಭಾರತಕ್ಕೇ ಬಂದು ನೆಲೆಸಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನ್ 1924ರಲ್ಲಿ ಲೆಕ್ಕ ಹಾಕಿ, ಇಷ್ಟು ಬೇಗ ಬದಲಾವಣೆ ಆಗಬೇಕಾದರೆ ಕಪ್ಪು ಪತಂಗ ಬದುಕಿ ಸಂತಾನ ಬಿಡುವ ಸಾಧ್ಯತೆ ಬಿಳಿಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಇರಬೇಕು ಎಂದ. ಆ ಕಾಲಕ್ಕೆ ಅದು ನಂಬಲಾಗದಷ್ಟು ದೊಡ್ಡ ಅಂಕಿ. ಕೀಟತಜ್ಞರೂ ಪಕ್ಷಿತಜ್ಞರೂ ತಲೆ ಅಲ್ಲಾಡಿಸಿದರು. ವರ್ಷಗಟ್ಟಲೆ ಕಾಡಿನಲ್ಲಿದ್ದೇವೆ, ತೊಗಟೆಯ ಮೇಲಿನ ಈ ಪತಂಗವನ್ನು ಹಕ್ಕಿ ಎತ್ತಿದ್ದನ್ನು ನಾವಂತೂ ನೋಡಿಲ್ಲ ಎಂದರು.

ವೈದ್ಯವೃತ್ತಿ ಬಿಟ್ಟು ಆಕ್ಸ್‌ಫರ್ಡಿಗೆ ಬಂದ ಬರ್ನಾರ್ಡ್ ಕೆಟಲ್‌ವೆಲ್ ನೋಡಲು ಹೊರಟ. 1953ರಲ್ಲಿ ಬರ್ಮಿಂಗ್‌ಹ್ಯಾಮಿನ ಬಳಿಯ ಮಸಿ ಹಿಡಿದ ಕಾಡಿನಲ್ಲಿ, ರೆಕ್ಕೆಯ ಅಡಿಯಲ್ಲಿ ಬಣ್ಣದ ಚುಕ್ಕೆಯಿಟ್ಟ ಪತಂಗಗಳನ್ನು ಬೆಳಗ್ಗೆ ಮರಗಳ ಮೇಲೆ ಬಿಟ್ಟು, ರಾತ್ರಿ ದೀಪದ ಬಲೆ ಒಡ್ಡಿ ಮತ್ತೆ ಹಿಡಿದ. ಬಿಟ್ಟ 447 ಕಪ್ಪು ಪತಂಗಗಳಲ್ಲಿ 123 ಮರಳಿ ಸಿಕ್ಕವು. 137 ಬಿಳಿಯವುಗಳಲ್ಲಿ ಸಿಕ್ಕಿದ್ದು 18. ಎರಡು ವರ್ಷದ ನಂತರ ಡಾರ್ಸೆಟ್‌ನ ಹೊಗೆ ಕಾಣದ ಕಾಡಿನಲ್ಲಿ ಫಲಿತಾಂಶ ಮಗುಚಿತು. ಅಲ್ಲಿ 496 ಬಿಳಿಯವುಗಳಲ್ಲಿ 62, 473 ಕಪ್ಪಿನಲ್ಲಿ ಬರೀ 30. ಈ ಸಲ ಜೊತೆಗೆ ನಿಕೊ ಟಿನ್‌ಬರ್ಗೆನ್ ಕ್ಯಾಮೆರಾ ಹಿಡಿದು ಮರೆಯಲ್ಲಿ ಕೂತಿದ್ದ. ಹಕ್ಕಿಗಳು ಎತ್ತಿಕೊಂಡು ಹೋದದ್ದನ್ನು ಕಣ್ಣಾರೆ ಎಣಿಸಿದಾಗ 190ರಲ್ಲಿ 164 ಕಪ್ಪು ಪತಂಗಗಳು, 26 ಬಿಳಿಯವು. ಬೇಟ್ಸ್ ಬರೆದು ಸುಮಾರು ತೊಂಬತ್ತು ವರ್ಷಗಳ ಮೇಲೆ, ಬೇಟೆಗಾರ ಕೊನೆಗೂ ಫಿಲ್ಮಿನ ಮೇಲೆ ಸಿಕ್ಕಿಬಿದ್ದ. ಯಾಕೆ ಅಷ್ಟು ಕಾಲ ಯಾರೂ ನೋಡಿರಲಿಲ್ಲ ಎಂಬುದೂ ಆಗ ಗೊತ್ತಾಯಿತು. ನೊಣಹಿಡುಕವೋ ರಾಬಿನ್ನೋ ಬಂದು ಪತಂಗವನ್ನು ಎತ್ತಿ ಹೋಗುವುದು ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದಿರುತ್ತದೆ.

ಆ ಎರಡು ಪತಂಗಗಳ ಚಿತ್ರ ಜಗತ್ತಿನ ಎಲ್ಲ ಪಠ್ಯಪುಸ್ತಕಗಳಿಗೆ ಹೋಯಿತು. ಅಲ್ಲಿಂದ ಕಷ್ಟ ಶುರುವಾಯಿತು. ಕೆಟಲ್‌ವೆಲ್‌ನ ಪ್ರಯೋಗದಲ್ಲಿ ದೋಷಗಳಿದ್ದವು. ಪತಂಗ ರಾತ್ರಿ ತಾನೇ ಜಾಗ ಆರಿಸಿ ಕೂರುವಂಥದ್ದು, ಅವನು ಹಗಲಿನಲ್ಲಿ ಕಾಂಡದ ಮೇಲೆ ಕೂರಿಸಿದ್ದ. ಒಂದೇ ಜಾಗದಲ್ಲಿ ಅಷ್ಟೊಂದು ಪತಂಗಗಳು ಸಹಜವಾಗಿ ಇರುವುದಿಲ್ಲ. 1998ರಲ್ಲಿ ಕೇಂಬ್ರಿಜ್‌ನ ಮೈಕಲ್ ಮಜೆರಸ್ ತಮ್ಮ ಪುಸ್ತಕದಲ್ಲಿ ಈ ದೋಷಗಳನ್ನೆಲ್ಲ ಬಿಚ್ಚಿಟ್ಟರು. ದೋಷವಿದ್ದರೂ ತೀರ್ಮಾನ ಸರಿ ಎಂಬುದು ಅವರ ನಿಲುವು. ಆದರೆ ಆ ಪುಸ್ತಕದ ವಿಮರ್ಶೆ ಬರೆದ ಜೆರ್ರಿ ಕಾಯ್ನ್ ಎಂಬ ಹೆಸರಾಂತ ವಿಕಾಸವಿಜ್ಞಾನಿಗೆ, ಸಾಂತಾ ಕ್ಲಾಸ್ ಸುಳ್ಳು ಎಂದು ತಿಳಿದ ಮಗುವಿಗಾಗುವಂಥ ನಿರಾಶೆ ಆಯಿತು. 2002ರಲ್ಲಿ ಜುಡಿತ್ ಹೂಪರ್ ಎಂಬ ಪತ್ರಕರ್ತೆಯ ಪುಸ್ತಕ ಇನ್ನೂ ಮುಂದೆ ಹೋಗಿ, ಅಂಕಿಗಳನ್ನೇ ತಿದ್ದಿರಬಹುದು ಎಂಬ ಗುಮಾನಿ ಬಿತ್ತಿತು. 1979ರಲ್ಲೇ ತೀರಿಕೊಂಡಿದ್ದ ಕೆಟಲ್‌ವೆಲ್ ಉತ್ತರ ಕೊಡುವಂತಿರಲಿಲ್ಲ. ದಾಖಲೆಗಳನ್ನು ಕೂಲಂಕಷ ನೋಡಿದ ಇತಿಹಾಸಕಾರ ಡೇವಿಡ್ ರಜ್ ಅವರಿಗೆ ವಂಚನೆಯ ಯಾವ ಪುರಾವೆಯೂ ಸಿಗಲಿಲ್ಲ. ಆದರೆ ವಿಕಾಸವನ್ನೇ ಒಪ್ಪದ ಗುಂಪುಗಳಿಗೆ ಪುರಾವೆ ಬೇಕಿರಲಿಲ್ಲ, ಗುಮಾನಿಯೇ ಸಾಕಾಗಿತ್ತು. ಪತಂಗದ ಚಿತ್ರವನ್ನು ಪುಸ್ತಕದಿಂದ ತೆಗೆಯಿರಿ ಎಂಬ ಕೂಗು ಎದ್ದಿತು.

ಇದು ದೂರದೇಶದ ಜಗಳ ಎಂದು ನಾನು ಓದಲಾರೆ. 2023ರಲ್ಲಿ ನಮ್ಮ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠ ತೆಗೆದಾಗ ಕೊಟ್ಟ ಕಾರಣ ಮಕ್ಕಳ ಹೊರೆ ಇಳಿಸುವುದು ಎಂದು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹತ್ತನೆಯದರ ನಂತರ ಜೀವವಿಜ್ಞಾನ ಓದದ ಮಕ್ಕಳಿಗೆ ಈ ಪತಂಗದ ಮಾತು ಕಿವಿಗೆ ಬೀಳುವ ಬೇರೆ ಅವಕಾಶ ಎಲ್ಲಿದೆ?

ಮಜೆರಸ್ ಕೂಗಿಗೆ ಕೂಗಿನಿಂದ ಉತ್ತರ ಕೊಡಲಿಲ್ಲ. ಕೇಂಬ್ರಿಜ್ ಬಳಿಯ ತಮ್ಮ ಮನೆಯ ತೋಟದಲ್ಲಿ ಪ್ರಯೋಗವನ್ನು ಮೊದಲಿನಿಂದ ಶುರುಮಾಡಿದರು. ರಾತ್ರಿ ಕೊಂಬೆಗಳ ಸುತ್ತ ಬಲೆ ಕಟ್ಟಿ ಒಳಗೆ ಪತಂಗ ಬಿಡುವುದು, ಅದು ತನಗೆ ಬೇಕಾದಲ್ಲಿ ಕೂರಲಿ ಎಂದು ಕಾಯುವುದು, ಬೆಳಕು ಹರಿಯುವ ಮುಂಚೆ ಬಲೆ ತೆಗೆಯುವುದು, ನಾಲ್ಕು ಗಂಟೆಯ ನಂತರ ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು ಬರೆದಿಡುವುದು. ಆರು ವರ್ಷ, 4,864 ಪತಂಗಗಳು. ಬಾವಲಿಗಳು ಕಪ್ಪು-ಬಿಳಿ ಭೇದ ಮಾಡುತ್ತವೆಯೇ ಎಂದೂ ಬೇರೆಯಾಗಿ ಪರೀಕ್ಷಿಸಿದರು, ಮಾಡುವುದಿಲ್ಲ. ಸಹಜವಾಗಿ ಕೂತ 135 ಪತಂಗಗಳನ್ನು ಹುಡುಕಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಅಡ್ಡಕೊಂಬೆಗಳ ಮೇಲಿದ್ದವು, ಸುಮಾರು ಮೂರನೇ ಒಂದು ಭಾಗ ಕಾಂಡದ ಮೇಲೂ ಇದ್ದವು. ಅಷ್ಟರಲ್ಲಿ ಇಂಗ್ಲೆಂಡಿನ ಗಾಳಿ ತಿಳಿಯಾಗಿ ತೊಗಟೆಗಳು ಬೆಳ್ಳಗಾಗಿದ್ದವು, ಆದ್ದರಿಂದ ಈ ಸಲ ಸೋಲಬೇಕಾದದ್ದು ಕಪ್ಪು. ಸೋತದ್ದೂ ಅದೇ. ಒಂಬತ್ತು ಜಾತಿಯ ಹಕ್ಕಿಗಳು ಕಪ್ಪು ಪತಂಗಗಳನ್ನು ಹೆಚ್ಚು ತಿಂದವು. ಆ ಪ್ರದೇಶದಲ್ಲಿ ಕಪ್ಪು ಪತಂಗ ಕಡಿಮೆಯಾಗುತ್ತಿದ್ದ ವೇಗಕ್ಕೆ ಆ ವ್ಯತ್ಯಾಸ ಸಾಕಾಗುವಷ್ಟಿತ್ತು. 2007ರಲ್ಲಿ ಉಪ್ಸಾಲಾದ ಸಮ್ಮೇಳನದಲ್ಲಿ ಅವರು ಈ ಅಂಕಿಗಳನ್ನು ಮುಂದಿಟ್ಟರು. 2009ರ ಜನವರಿಯಲ್ಲಿ, ಪ್ರಬಂಧ ಬರೆಯುವ ಮೊದಲೇ, ಕ್ಯಾನ್ಸರಿನಿಂದ ತೀರಿಕೊಂಡರು. ನಾಲ್ವರು ಸಹೋದ್ಯೋಗಿಗಳು ಅವರ ಅಂಕಿಗಳನ್ನು ಜೋಡಿಸಿ 2012ರಲ್ಲಿ ಪ್ರಕಟಿಸಿದರು.

ಹಕ್ಕಿಯನ್ನು ಕೇಳುತ್ತಲೇ ಇದ್ದರೆ ಅದು ಪಠ್ಯಪುಸ್ತಕವನ್ನು ತಿದ್ದುವುದೂ ಉಂಟು. ಉತ್ತರ ಅಮೆರಿಕದ ವಿಷದ ಮೊನಾರ್ಕ್ ಚಿಟ್ಟೆಯನ್ನು ಅಣಕಿಸುವ ವೈಸ್‌ರಾಯ್ ಚಿಟ್ಟೆ ರುಚಿಕರ ವೇಷಧಾರಿ ಎಂದು ಒಂದು ಶತಮಾನ ಎಲ್ಲರೂ ಬರೆದರು. 1991ರಲ್ಲಿ ಡೇವಿಡ್ ರಿಟ್‌ಲ್ಯಾಂಡ್, ಲಿಂಕನ್ ಬ್ರೋವರ್ ಇಬ್ಬರೂ ರೆಕ್ಕೆ ಕಿತ್ತ ಚಿಟ್ಟೆಗಳ ಹೊಟ್ಟೆಭಾಗವನ್ನು ಮಾತ್ರ ಹಕ್ಕಿಗಳಿಗೆ ಬಡಿಸಿದರು. ಬಣ್ಣದ ಗುರುತು ಇಲ್ಲದಿದ್ದರೂ ಹಕ್ಕಿಗಳು ವೈಸ್‌ರಾಯ್‌ಯನ್ನು ಮೊನಾರ್ಕ್‌ನಷ್ಟೇ ಒಲ್ಲೆ ಎಂದವು. ಅದು ಬೇಟ್ಸ್‌ನ ಮೋಸಗಾರ ಆಗಿರಲಿಲ್ಲ, ಮುಲ್ಲರನ ಪಾಲುದಾರ.

ನಮ್ಮ ಹಿತ್ತಲಿನ ಕರಿಬೇವು, ನಿಂಬೆಗಿಡಗಳಲ್ಲಿ ಮೊಟ್ಟೆಯಿಡುವ ಕಾಮನ್ ಮಾರ್ಮನ್ ಚಿಟ್ಟೆಯಲ್ಲಿ ಈ ಇಡೀ ಇತಿಹಾಸದ ಒಂದು ತುಣುಕು ಇಂದಿಗೂ ಹಾರಾಡುತ್ತಿದೆ. ಗಂಡಿಗೆ ಒಂದೇ ಉಡುಪು: ಕಪ್ಪು ರೆಕ್ಕೆ, ಅಡ್ಡಕ್ಕೆ ಬಿಳಿ ಚುಕ್ಕೆಗಳ ಸಾಲು. ಹೆಣ್ಣಿಗೆ ಮೂರು. ಒಂದು ಗಂಡಿನಂತೆ, ಒಂದು ಕಹಿಯಾದ ಕಾಮನ್ ರೋಸ್‌ನಂತೆ, ಇನ್ನೊಂದು ಅಷ್ಟೇ ಕಹಿಯಾದ, ಕಡುಗೆಂಪು ಮೈಯ ಕ್ರಿಮ್ಸನ್ ರೋಸ್‌ನಂತೆ. ಮೂರೂ ಒಂದೇ ಜಾತಿ ಎಂದು ಬಿಡಿಸಿ ಹೇಳಿದವನು ವಾಲೇಸ್, 1865ರಲ್ಲಿ, ಡಾರ್ವಿನ್‌ನ ಪತ್ರ ಬರುವ ಎರಡು ವರ್ಷ ಮೊದಲು. ಒಂದೂವರೆ ಶತಮಾನದ ನಂತರ, 2014ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ್ ಕುಂಟೆ ಮತ್ತು ಸಂಗಡಿಗರು ಈ ಉಡುಪು ಬದಲಾವಣೆಯ ಹಿಂದಿರುವುದು ಡಬಲ್‌ಸೆಕ್ಸ್ ಎಂಬ ಒಂದೇ ಒಂದು ಜೀನ್ ಎಂದು ತೋರಿಸಿದರು. ಕೀಟಗಳಲ್ಲಿ ಗಂಡೋ ಹೆಣ್ಣೋ ಎಂದು ನಿರ್ಧರಿಸುವ ಕೆಲಸದಲ್ಲಿರುವ ಜೀನ್ ಇದು.

ಉಡುಪು ಹೊಲಿಯುವ ಜೀನ್ ಸಿಕ್ಕಿತು. ಯಾವ ಊರಿನಲ್ಲಿ ಯಾವ ಉಡುಪು ನಡೆಯುತ್ತದೆ ಎಂಬುದನ್ನು ಮಾತ್ರ ಹಕ್ಕಿಯೇ ಹೇಳಬೇಕು. ಕ್ರಿಮ್ಸನ್ ರೋಸ್ ಇರುವ ಭಾರತ, ಶ್ರೀಲಂಕಾಗಳಲ್ಲಿ ಮಾರ್ಮನ್ ಹೆಣ್ಣು ಆ ಕೆಂಪು ವೇಷ ಹಾಕುತ್ತದೆ. ವಾಲೇಸ್ ಅಲೆದಾಡಿದ ಮಲಯದ ದ್ವೀಪಗಳಲ್ಲಿ ಮಾರ್ಮನ್ ಇದೆ, ಕ್ರಿಮ್ಸನ್ ರೋಸ್ ಇಲ್ಲ, ಆ ವೇಷವೂ ಇಲ್ಲ. ಅಲ್ಲಿನ ಹಕ್ಕಿಗಳು ಆ ಕೆಂಪನ್ನು ಯಾವತ್ತೂ ತಿಂದು ಉಗುಳಿಲ್ಲ.